ಅಕ್ಷರದಿಂದ ಅಂಕಕ್ಕೆ: ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು

ಕನ್ನಡ ನಾಡಿನ ಪ್ರಾಚೀನ ಕವಿಗಳಿಗೆ ಹೆಸರಿದ್ದಿತು, ಕೃತಿಯಿದ್ದಿತು, ಕೀರ್ತಿಯೂ ಇದ್ದಿತು. ಆದರೆ ಬಹುಮಂದಿಗೆ ಕಾಲವೆಂಬುದಿರಲಿಲ್ಲ. ಯಾವ ಕವಿ ಯಾರಿಗಿಂತ ಹಿಂದಿನವನು, ಯಾವ ಕಾವ್ಯ ಯಾವ ಅರಸನ ಆಳಿಕೆಯಲ್ಲಿ ಹುಟ್ಟಿತು ಎಂದು ಕೇಳಿದರೆ ಹಳೆಯ ತಲೆಮಾರಿನ ಪಂಡಿತರು ಗುರುಪರಂಪರೆಯನ್ನೋ ಐತಿಹ್ಯವನ್ನೋ ಹೇಳುತ್ತಿದ್ದರಲ್ಲದೆ ವರ್ಷವನ್ನು ಹೇಳಲಾರದವರಾಗಿದ್ದರು. ಹಾಗೆಂದು ಕವಿಗಳೆಲ್ಲರೂ ತಮ್ಮ ಕಾಲವನ್ನು ಮುಚ್ಚಿಟ್ಟರೆಂದಲ್ಲ. ಅನೇಕರು ಅದನ್ನು ಕಾವ್ಯದ ಕೊನೆಯ ಪದ್ಯದಲ್ಲಿ ಇಟ್ಟುಹೋಗಿದ್ದರು. ಅಂಕಿಯಲ್ಲಿ ಅಲ್ಲ, ಅಕ್ಷರದಲ್ಲಿ. ಆ ಅಕ್ಷರಗಳನ್ನು ಮರಳಿ ಅಂಕಗಳನ್ನಾಗಿಸಿ, ಬಂದ ಅಂಕವನ್ನು ಪರೀಕ್ಷೆಗೆ ಗುರಿಮಾಡಿ, ಸಾವಿರ ವರ್ಷಗಳ ಸಾಹಿತ್ಯವನ್ನು ಒಂದು ಕಾಲಸೂತ್ರದಲ್ಲಿ ಪೋಣಿಸಿದ ಮಹನೀಯರು ಮಂಡ್ಯ ಸೀಮೆಯವರೇ ಆದ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು.

ಕನ್ನಡ ವಿದ್ವತ್ಪ್ರಪಂಚದಲ್ಲಿ ನರಸಿಂಹಾಚಾರ್ಯರು ಒಬ್ಬರಲ್ಲ. ಕವಿಚರಿತೆಯ ಮೊದಲ ಸಂಪುಟದಲ್ಲಿ ಇವರಿಗೆ ಹೆಗಲೆಣೆಯಾಗಿ ನಿಂತ ಎಸ್. ಜಿ. ನರಸಿಂಹಾಚಾರ್ಯರು ಬೇರೆ, ಗ್ರಂಥಸಂಪಾದನೆಗೆ ಹೆಸರಾದ ಡಿ. ಎಲ್. ನರಸಿಂಹಾಚಾರ್ಯರು ಬೇರೆ; ಮೇಲುಕೋಟೆಯ ಕವಿ ಪು. ತಿ. ನರಸಿಂಹಾಚಾರ್ಯರಂತೂ ಬೇರೆಯೇ. ಇಲ್ಲಿ ಹೇಳುತ್ತಿರುವುದು ಇವರೆಲ್ಲರಿಗಿಂತ ಹಿರಿಯರಾದ, ಶಾಸನಶಾಸ್ತ್ರದ ಆಚಾರ್ಯರನ್ನು ಕುರಿತು. ವಿದ್ಯಾರ್ಥಿಗಳು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ನಾಲ್ವರನ್ನು ಒಬ್ಬರನ್ನಾಗಿ ಮಾಡಿಬಿಡುವುದು ಅಧ್ಯಾಪಕರಿಗೆ ಹೊಸದೇನಲ್ಲವಾದ್ದರಿಂದ ಇಷ್ಟನ್ನು ಮೊದಲೇ ಹೇಳಿಡಬೇಕಾಯಿತು.

ಆಚಾರ್ಯರು 1860ರಲ್ಲಿ ಮಂಡ್ಯದ ಕೊಪ್ಪಲಿನಲ್ಲಿ ಜನಿಸಿದರು. ಆಗ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಮೈಸೂರು ಜಿಲ್ಲೆಯ ಒಂದು ಭಾಗವಾಗಿತ್ತು. ಜಿಲ್ಲೆಯಾದುದು 1939ರಲ್ಲಿ, ಆಚಾರ್ಯರು ಗತಿಸಿದ ಮೇಲೆ. ಮನೆತನ ಶ್ರೀವೈಷ್ಣವ ಸಂಪ್ರದಾಯದ್ದು. ಮನೆಯ ಮಾತು ತಮಿಳು. ಸಂಸ್ಕೃತ, ತಮಿಳು, ಕನ್ನಡಗಳು ಮೂರೂ ಅವರಿಗೆ ಬಾಲ್ಯದ ನಂಟಿನಂತೆ ಒದಗಿದವು. ಇಂಗ್ಲಿಷ್ ವಿದ್ಯೆಯೂ ಅದರೊಡನೆ ಕೂಡಿತು. ಆ ಕಾಲದಲ್ಲಿ ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯವಿರಲಿಲ್ಲ. ಅದು ಸ್ಥಾಪಿತವಾದುದು 1916ರಲ್ಲಿ. ಮದರಾಸು ವಿಶ್ವವಿದ್ಯಾನಿಲಯದಿಂದ ಕನ್ನಡದಲ್ಲಿ ಎಂ. ಎ. ಪದವಿಯನ್ನು ಪಡೆದವರಲ್ಲಿ ಆಚಾರ್ಯರೇ ಮೊದಲಿಗರೆಂಬ ಕೀರ್ತಿ ಅವರದಾಯಿತು. ಕೆಲವು ಕಾಲ ಉಪಾಧ್ಯಾಯವೃತ್ತಿಯಲ್ಲಿದ್ದು, 1899ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ಸೇರಿದರು. ಅಲ್ಲಿ ಮೇಲಧಿಕಾರಿಗಳಾಗಿದ್ದವರು ಬಿ. ಎಲ್. ರೈಸ್ ಸಾಹೇಬರು. 1906ರಲ್ಲಿ ರೈಸರು ನಿವೃತ್ತರಾಗಲು ಇಲಾಖೆಯ ಭಾರ ಆಚಾರ್ಯರ ಮೇಲೆ ಬಿದ್ದಿತು. 1922ರವರೆಗೆ ಅದನ್ನು ಅವರು ಹೊತ್ತರು.

ಶಾಸನದ ಕೆಲಸವೆಂದರೆ ಮೇಜಿನ ಮುಂದಣ ಕೆಲಸವಲ್ಲ. ಗುಡಿಯ ಗೋಡೆ, ಕೆರೆಯ ತೂಬು, ಹೊಲದ ಬದು, ಊರ ಮುಂದಣ ಜಗುಲಿ, ಕೆಲವೊಮ್ಮೆ ಬಟ್ಟೆ ಒಗೆಯುವ ಕಲ್ಲು, ಇವೇ ಶಾಸನಾನ್ವೇಷಕನ ಗ್ರಂಥಭಂಡಾರ. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗಿಗೆ ಕಾಗದವನ್ನು ಇಳಿಸಿ, ಮೇಲೆ ಮಸಿಯ ಉಂಡೆಯನ್ನು ಒತ್ತಿದರೆ ಕಲ್ಲಿನ ಮುಖವು ಕಾಗದಕ್ಕೆ ಬರುವುದು: ಅಕ್ಷರ ಬಿಳಿದು, ಹಿನ್ನೆಲೆ ಕಪ್ಪು. ಒಂದು ಅಕ್ಷರ ಸವೆದಿದ್ದರೆ ವಾಕ್ಯವು ಹೇಗೋ ನಡೆದೀತು. ಕಾಲವನ್ನು ಹೇಳುವ ಪಂಕ್ತಿಯಲ್ಲಿ ಒಂದು ಅಂಕಿ ಸವೆದರೆ ಅರಸನು ಒಂದು ಶತಮಾನ ಆಚೆಗೋ ಈಚೆಗೋ ಸರಿದುಬಿಡುವನು. ಕನ್ನಡದ ಹಳೆಯ ಅಂಕಿಗಳಲ್ಲಿ ಒಂದಕ್ಕೂ ಸೊನ್ನೆಗೂ, ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ಒಂದು ಕೊಂಕಿನಷ್ಟು ಮಾತ್ರ. ಕಲ್ಲಿನ ಪಾಡೇ ಹೀಗಾದರೆ, ಪ್ರತಿಯಿಂದ ಪ್ರತಿಗೆ ನಕಲಾಗುತ್ತ ಬಂದ ಓಲೆಗರಿಯ ಪಾಡನ್ನು ಹೇಳಬೇಕೆ?

ನಮ್ಮ ಹಿಂದಿನವರು ಈ ಅಪಾಯವನ್ನು ಅರಿತಿದ್ದರು. ಅದರಿಂದಲೇ ಅಂಕಿಯನ್ನು ಶಬ್ದದೊಳಗೆ ಅಡಗಿಸಿಡುವ ಎರಡು ದಾರಿಗಳನ್ನು ಕಂಡುಕೊಂಡರು. ಒಂದು ಭೂತಸಂಖ್ಯೆ. ಲೋಕದಲ್ಲಿ ಎಷ್ಟಿದೆಯೆಂದು ಪ್ರಸಿದ್ಧವಾಗಿದೆಯೋ ಆ ವಸ್ತುವಿನ ಹೆಸರೇ ಆ ಸಂಖ್ಯೆಗೆ ಹೆಸರು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು, ವೇದವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು, ಮುನಿಯೆಂದರೆ ಏಳು, ದಿಗ್ಗಜವೆಂದರೆ ಎಂಟು, ನಿಧಿಯೆಂದರೆ ಒಂಬತ್ತು, ಆಕಾಶವೆಂದರೆ ಸೊನ್ನೆ. ಎಣಿಕೆ ಬಲದಿಂದ ಎಡಕ್ಕೆ ನಡೆಯತಕ್ಕದ್ದು. ಮೊದಲು ಹೇಳಿದ್ದು ಬಿಡಿಯ ಸ್ಥಾನ, ಕಡೆಗೆ ಹೇಳಿದ್ದು ಸಾವಿರದ ಸ್ಥಾನ. ಷಟ್‌ಸ್ಥಲ, ಪಂಚಾಚಾರ, ಅಷ್ಟಾವರಣಗಳನ್ನು ನಿತ್ಯವೂ ಉಚ್ಚರಿಸುವ ಶರಣಸಂಪ್ರದಾಯದವರಿಗೆ ತತ್ತ್ವವೂ ಸಂಖ್ಯೆಯೂ ಹೀಗೆ ಬೆಸೆದುಕೊಂಡು ಬರುವುದು ವಿಚಿತ್ರವಾಗಿ ತೋರಲಾರದು. ಈ ಪದ್ಧತಿಯಿಂದ ಕವಿಗಾದ ಲಾಭ ಎರಡು ಬಗೆಯದು. ಚಂದ್ರನಿಗೆ ಪರ್ಯಾಯಪದಗಳು ಹತ್ತಾರು. ಶಶಿ, ಇಂದು, ವಿಧು, ಸೋಮ, ಸುಧಾಕರ ಎಂದು ಯಾವ ಗಣ ಬೇಕೋ ಆ ಗಣಕ್ಕೆ ಒದಗುವ ಮಾತು ಸಿಕ್ಕುವುದು. ಲಿಪಿಕಾರನು ಅಂಕಿಯನ್ನು ತಪ್ಪಿದರೆ ಕಂಡುಹಿಡಿಯುವವರಿಲ್ಲ. ಪದ್ಯದಲ್ಲಿ ಮಾತನ್ನು ತಪ್ಪಿದರೆ ಛಂದಸ್ಸೇ ಕೆಟ್ಟು ದೂರು ಹೇಳುವುದು. ಛಂದಸ್ಸು ಇಲ್ಲಿ ಅಲಂಕಾರವಲ್ಲ, ಕಾವಲುಗಾರ.

ಎರಡನೆಯದು ಕಟಪಯಾದಿ. ಇಲ್ಲಿ ವಸ್ತುವಿನ ಹಂಗಿಲ್ಲ, ಅಕ್ಷರಕ್ಕೇ ಬೆಲೆ. ಕಕಾರದಿಂದ ಒಂಬತ್ತರವರೆಗೆ, ಟಕಾರದಿಂದ ಒಂಬತ್ತರವರೆಗೆ, ಪಕಾರದಿಂದ ಐದರವರೆಗೆ, ಯಕಾರದಿಂದ ಎಂಟರವರೆಗೆ ಎಣಿಸಿಕೊಂಡು ಹೋಗುವುದು. ಞಕಾರ, ನಕಾರ ಮತ್ತು ವ್ಯಂಜನವಿಲ್ಲದ ಸ್ವರಗಳಿಗೆ ಸೊನ್ನೆ. ಜಯ ಎಂಬ ಎರಡಕ್ಷರವನ್ನು ತೆಗೆದುಕೊಂಡರೆ ಜಕಾರಕ್ಕೆ ಎಂಟು, ಯಕಾರಕ್ಕೆ ಒಂದು. ಬಲದಿಂದ ಎಡಕ್ಕೆ ಓದಿದರೆ ಹದಿನೆಂಟು. ಮಹಾಭಾರತಕ್ಕೆ ಜಯವೆಂಬ ಹೆಸರೂ ಪರ್ವಗಳು ಹದಿನೆಂಟೂ ಆಗಿರುವುದನ್ನು ಪೌರಾಣಿಕರು ಹೀಗೆ ಕೂಡಿಸಿ ಹೇಳುವರು. ಕೇರಳದ ನಾರಾಯಣೀಯವೆಂಬ ಸ್ತೋತ್ರಕಾವ್ಯದ ಕೊನೆಯ ಮಾತನ್ನು ಈ ಕ್ರಮದಲ್ಲಿ ಬಿಡಿಸಿದರೆ 17,12,210 ಎಂಬ ಸಂಖ್ಯೆ ಬರುವುದು. ಕಲಿಯುಗಾದಿಯಿಂದ ಕಳೆದ ದಿನಗಳ ಎಣಿಕೆ ಅದು. ಅದರಿಂದ ಕಾವ್ಯ ಮುಗಿದ ವರ್ಷ 1586 ಎಂದು ತಿಳಿಯುವುದು. ಸಂಗೀತವನ್ನು ಬಲ್ಲವರಿಗಂತೂ ಇದು ದಿನಬಳಕೆಯ ಲೆಕ್ಕ. ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡಕ್ಷರಗಳಲ್ಲಿಯೇ ಅವುಗಳ ಕ್ರಮಸಂಖ್ಯೆಯಿದೆ. ಧೀರಶಂಕರಾಭರಣ ಇಪ್ಪತ್ತೊಂಬತ್ತು, ಮೇಚಕಲ್ಯಾಣಿ ಅರವತ್ತೈದು, ಮಾಯಾಮಾಳವಗೌಳ ಹದಿನೈದು.

ಹೇಳುವಾಗ ಇದು ಸುಲಭ, ಬಿಡಿಸುವಾಗ ಕಷ್ಟ. ಸಂಯುಕ್ತಾಕ್ಷರ ಬಂದಾಗ ಕಡೆಯ ವ್ಯಂಜನವನ್ನು ಎಣಿಸಬೇಕೆಂಬುದು ಸಾಮಾನ್ಯವಾದ ನಿಯಮ. ಆದರೆ ಚಕ್ರವಾಕ ರಾಗದ ಎರಡನೆಯ ಅಕ್ಷರದಲ್ಲಿ ರಕಾರವನ್ನು ಎಣಿಸಿದರೆ ಇಪ್ಪತ್ತಾರು ಬರುವುದು. ಅದು ಚಾರುಕೇಶಿಯ ಸ್ಥಾನ. ಚಕ್ರವಾಕ ಹದಿನಾರನೆಯದಾಗಬೇಕಾದರೆ ಕಕಾರವನ್ನೇ ಎಣಿಸಬೇಕು. ರಾಗದ ಪಟ್ಟಿ ಎದುರಿಗಿರುವುದರಿಂದ ಅಲ್ಲಿ ಯಾರೂ ತಪ್ಪುವುದಿಲ್ಲ. ಪಟ್ಟಿಯೇ ಇಲ್ಲದ ಕಡೆ, ಕವಿಯ ಕಾಲ ಯಾವುದೆಂದು ಆ ಅಕ್ಷರದಿಂದಲೇ ತಿಳಿಯಬೇಕಾದ ಕಡೆ, ಏನು ಗತಿ?

ಭೂತಸಂಖ್ಯೆಯಲ್ಲಿಯೂ ಇದೇ ತೊಡಕು. ಸಮುದ್ರವೆಂದರೆ ನಾಲ್ಕು ಎಂದು ಎಣಿಸುವವರೂ ಉಂಟು, ಏಳು ಎಂದು ಎಣಿಸುವವರೂ ಉಂಟು. ರಸವೆಂದರೆ ವೈದ್ಯನಿಗೆ ಆರು, ಆಲಂಕಾರಿಕನಿಗೆ ಒಂಬತ್ತು. ಲೋಕ ಮೂರು, ಏಳು, ಹದಿನಾಲ್ಕು. ದಿಕ್ಕು ನಾಲ್ಕು, ಎಂಟು, ಹತ್ತು. ಉದಾಹರಣೆಗೆ ಒಂದು ಕಲ್ಪಿತ ಪದ್ಯದಲ್ಲಿ ಸಮುದ್ರ, ಅಗ್ನಿ, ಬಾಣ, ಚಂದ್ರ ಎಂದಿರಲಿ. ಸಮುದ್ರ ನಾಲ್ಕಾದರೆ ಶಕವರ್ಷ 1534, ಏಳಾದರೆ 1537. ಯಾವುದು ಸರಿ? ಪದ್ಯವನ್ನೇ ಎಷ್ಟು ದಿಟ್ಟಿಸಿದರೂ ಉತ್ತರ ಬಾರದು. ಇಲ್ಲಿ ನೆರವಿಗೆ ಬರುವುದು ಸಂವತ್ಸರದ ಹೆಸರು. ಶಕ 1534, ಅಂದರೆ ಕ್ರಿಸ್ತಶಕ 1612, ಪರೀಧಾವಿ; ಶಕ 1537, ಅಂದರೆ 1615, ರಾಕ್ಷಸ. ಕವಿಯು ಪರೀಧಾವಿಯೆಂದಿದ್ದರೆ ಸಮುದ್ರ ನಾಲ್ಕು, ರಾಕ್ಷಸವೆಂದಿದ್ದರೆ ಏಳು. ಮಾಸ, ತಿಥಿ, ವಾರಗಳನ್ನೂ ಕೊಟ್ಟಿದ್ದರೆ ಗಣಿತದಿಂದ ಇನ್ನೊಂದು ಪರೀಕ್ಷೆ. ತಿಥಿಗೂ ವಾರಕ್ಕೂ ಹೊಂದಿಕೆಯಾಯಿತೆ, ಕಾಲ ನಿಂತಿತು. ಆಗಲಿಲ್ಲವೆ, ಓದಿದ್ದು ತಪ್ಪು ಅಥವಾ ಶಾಸನವೇ ಕೂಟಶಾಸನ. ಹೀಗೆ ಅಕ್ಷರವು ಅಂಕವಾಗಿ, ಅಂಕವು ವರ್ಷವಾಗಿ, ವರ್ಷವು ಸಂವತ್ಸರದೊಡನೆ ಸಾಕ್ಷಿಗೆ ನಿಲ್ಲುವ ಈ ವಿಧಾನವೇ ಆಚಾರ್ಯರ ಜೀವಮಾನದ ಉದ್ಯೋಗ.

ಮಂಡ್ಯ ಸೀಮೆಯಲ್ಲಿಯೇ ಇದಕ್ಕೆ ಒಂದು ಉತ್ತಮ ನಿದರ್ಶನವುಂಟು. ಈಗಿನ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನ ಕಲ್ಲನ್ನು ಅರಿಯದ ಕನ್ನಡ ಅಧ್ಯಾಪಕರಿಲ್ಲ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದುದು, ಗಂಗ ಬೂತುಗನ ಮೆರೆದಾಟ, ಮಣಲೆರನ ಸಾಹಸ, ಹಂದಿಯೊಡನೆ ಹೋರಿ ಸತ್ತ ಕಾಳಿಯೆಂಬ ನಾಯಿ, ಇವೆಲ್ಲ ಆ ಒಂದೇ ಕಲ್ಲಿನಲ್ಲಿವೆ. ಕಲ್ಲು ಈಗ ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಕಾಲವನ್ನು ಒಗಟಾಗಿ ಹೇಳಿಲ್ಲ; ಶಕವರ್ಷ ಎಂಟುನೂರ ಎಪ್ಪತ್ತೆರಡು, ಸೌಮ್ಯ ಸಂವತ್ಸರ ಎಂದು ನೇರವಾದ ಕನ್ನಡ ಮಾತಿನಲ್ಲಿಯೇ ಇದೆ. ಆದರೂ ತೊಡಕು ತಪ್ಪಲಿಲ್ಲ. ಶಕ 872ಕ್ಕೆ ಎಪ್ಪತ್ತೆಂಟನ್ನು ಕೂಡಿಸಿದರೆ 950 ಬರುವುದು. ಆ ವರ್ಷ ಸೌಮ್ಯವಲ್ಲ, ಸಾಧಾರಣ. ಸೌಮ್ಯವು 949ರಲ್ಲಿ ಮೊದಲಾಯಿತು. ಹಾಗಾದರೆ ಶಾಸನ ತಪ್ಪೆ? ತಪ್ಪಲ್ಲ, ಬರೆಯಿಸಿದವನು ಕಳೆದುಹೋದ ವರ್ಷಗಳನ್ನು ಎಣಿಸದೆ ನಡೆಯುತ್ತಿದ್ದ ವರ್ಷವನ್ನೂ ಸೇರಿಸಿ ಎಣಿಸಿದ್ದಾನೆ. ಸಂವತ್ಸರದ ಹೆಸರು ಇರದಿದ್ದರೆ ಈ ಸೂಕ್ಷ್ಮವು ಯಾರಿಗೂ ತಿಳಿಯುತ್ತಿರಲಿಲ್ಲ. ರೈಸರು 1894ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ಣಾಟಿಕದ ಮೂರನೆಯ ಸಂಪುಟದಲ್ಲಿ ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಸೇರಿವೆ. (ಕದಂಬರ ಕಾಲದ ಪ್ರಸಿದ್ಧವಾದ ಮಳವಳ್ಳಿಯ ಕಂಬಶಾಸನವನ್ನು ಇಲ್ಲಿ ಹುಡುಕಬಾರದು, ಆ ಮಳವಳ್ಳಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು.)

ಇದೇ ಸೌಮ್ಯ ಸಂವತ್ಸರವು ಏಳು ಆವರ್ತಗಳ ಅನಂತರ, ಅಂದರೆ ನಾನೂರ ಇಪ್ಪತ್ತು ವರ್ಷಗಳ ಮೇಲೆ, 1369ರಲ್ಲಿ ಬಂದಿತು. ಭೀಮಕವಿಯು ಕನ್ನಡ ಬಸವಪುರಾಣವನ್ನು ಪೂರೈಸಿದ್ದು ಆ ವರ್ಷದಲ್ಲಿ. ಅರವತ್ತು ಹೆಸರುಗಳು ಸುತ್ತಿ ಸುತ್ತಿ ಬರುತ್ತಿರುವುದರಿಂದ ಸಂವತ್ಸರವೊಂದೇ ಇದ್ದರೆ ಕಾಲ ನಿಲ್ಲದು, ಶಕವೊಂದೇ ಇದ್ದರೆ ಪರೀಕ್ಷೆಯಿಲ್ಲ. ಎರಡೂ ಕೂಡಿದಾಗಲೇ ಕಾಲ ಗಟ್ಟಿ.

ಈ ಸಾಧನಗಳನ್ನು ಹಿಡಿದು ಆಚಾರ್ಯರು ಕೈಕೊಂಡ ಮಹಾಕಾರ್ಯವೇ ಕರ್ಣಾಟಕ ಕವಿಚರಿತೆ. ಮೊದಲ ಸಂಪುಟ 1907ರಲ್ಲಿ ಎಸ್. ಜಿ. ನರಸಿಂಹಾಚಾರ್ಯರ ಸಹಕರ್ತೃತ್ವದಲ್ಲಿ ಹೊರಬಂದಿತು. ಆ ವರ್ಷವೇ ಅವರು ತೀರಿಕೊಂಡರು. ಉಳಿದ ಹೊರೆಯನ್ನು ಆಚಾರ್ಯರು ಒಬ್ಬರೇ ಹೊರಬೇಕಾಯಿತು. ಎರಡನೆಯ ಸಂಪುಟ 1919ರಲ್ಲಿ, ಮೊದಲನೆಯದರ ಪರಿಷ್ಕೃತ ಮುದ್ರಣ 1924ರಲ್ಲಿ, ಮೂರನೆಯ ಸಂಪುಟ 1929ರಲ್ಲಿ ಪ್ರಕಟವಾದವು. ಮೊದಲನೆಯದು ಹದಿನಾಲ್ಕನೆಯ ಶತಮಾನದ ಕೊನೆಯವರೆಗೆ, ಎರಡನೆಯದು ಹದಿನೇಳರವರೆಗೆ, ಮೂರನೆಯದು ಹತ್ತೊಂಬತ್ತರವರೆಗೆ. ಮೂರನೆಯದು ಮುಗಿದಾಗ ಆಚಾರ್ಯರಿಗೆ ಅರವತ್ತೊಂಬತ್ತು ವರ್ಷ.

ಕಾಲವನ್ನು ತಾವೇ ಹೇಳಿದ ಕವಿಗಳ ವಿಷಯ ನಿರ್ಣಯಕ್ಕೆ ಸುಲಭ. ಪಂಪನ ಶಕ 863, ರನ್ನನ ಅಜಿತಪುರಾಣದ ಶಕ 915, ಜನ್ನನ ಯಶೋಧರಚರಿತೆಯ ಶಕ 1131 ಮೊದಲಾದವು ನಡುಗಂಬಗಳಂತೆ ನಿಂತವು. ಹೇಳದವರ ಗತಿಯೇನು? ಆಚಾರ್ಯರು ಅವರನ್ನು ಎರಡು ಗಡಿಗಳ ನಡುವೆ ಇಟ್ಟು ಹುಡುಕಿದರು. ಕವಿಯು ಯಾವ ಪೂರ್ವಕವಿಗಳನ್ನು ಸ್ತುತಿಸಿದ್ದಾನೆಯೋ ಅವರಿಗಿಂತ ಈಚಿನವನು. ಯಾರು ಇವನ ಪದ್ಯವನ್ನು ಎತ್ತಿಕೊಂಡಿದ್ದಾರೆಯೋ ಅವರಿಗಿಂತ ಹಿಂದಿನವನು. ಹದಿಮೂರನೆಯ ಶತಮಾನದ ನಡುವಿನ ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವವು ಈ ದೃಷ್ಟಿಯಿಂದ ಒಂದು ನಿಧಿಯೇ ಆಯಿತು. ಆ ಸಂಕಲನದಲ್ಲಿ ಪದ್ಯವಿದ್ದರೆ ಆ ಕವಿ ಅದಕ್ಕೆ ಮುಂಚಿನವನಾಗಿಯೇ ತೀರಬೇಕು. ಅವನ ಮಗನಾದ ಕೇಶಿರಾಜನ ಶಬ್ದಮಣಿದರ್ಪಣದ ಉದಾಹರಣೆಗಳೂ ಹಾಗೆಯೇ ಉಪಕರಿಸಿದವು. ಇಷ್ಟಾದರೂ ವರ್ಷ ದೊರೆಯದಿದ್ದಾಗ ಆಚಾರ್ಯರು ಹಟಮಾಡಲಿಲ್ಲ. ಸುಮಾರು ಎಂಬುದನ್ನು ಸೂಚಿಸುವ ಒಂದು ಸಣ್ಣ ಸಂಕ್ಷೇಪಾಕ್ಷರವನ್ನು ಅಂಕಿಯ ಹಿಂದೆ ಇಟ್ಟರು. ಹರಿಹರನಿಗೆ ಕೊಟ್ಟ 1165 ಅಂತಹದು. ಅನಂತರದ ವಿದ್ವಾಂಸರಲ್ಲಿ ಹಲವರು ಹರಿಹರನನ್ನು ಕೆಲವು ದಶಕ ಈಚೆಗೆ ತಂದರು. ಆ ಒಂದಕ್ಷರವನ್ನು ಬಿಟ್ಟು ಅಂಕಿಯನ್ನು ಮಾತ್ರ ಬಾಯಿಪಾಠ ಮಾಡಿದವರು ಈ ಬದಲಾವಣೆಗಾಗಿ ಆಚಾರ್ಯರನ್ನು ದೂರಿದುದೂ ಉಂಟು, ದೂರು ನ್ಯಾಯವಾದುದಲ್ಲ.

ವೀರಶೈವ ಸಾಹಿತ್ಯಕ್ಕೆ ಈ ಕಾಲನಿರ್ಣಯದಿಂದ ಆದ ಉಪಕಾರ ಸಾಮಾನ್ಯವಾದುದಲ್ಲ. ಪುರಾಣಗಳು ಬಸವಣ್ಣನವರ ಮಹಿಮೆಯನ್ನು ಹಾಡಿದವು. ಬಿಜ್ಜಳನ ಶಾಸನಗಳು ಅವರ ಕಾಲವನ್ನು ಹನ್ನೆರಡನೆಯ ಶತಮಾನದಲ್ಲಿ ನಿಲ್ಲಿಸಿದವು. ವಚನಕಾರರು ಅಂಕಿತವನ್ನಿಟ್ಟರೇ ಹೊರತು ವರ್ಷವನ್ನಿಡಲಿಲ್ಲ. ತಮ್ಮ ಕಾಲಕ್ಕಿಂತ ತಮ್ಮ ಇಷ್ಟದೈವದ ಹೆಸರು ಅವರಿಗೆ ದೊಡ್ಡದಾಗಿತ್ತು. ಮಳವಳ್ಳಿ ತಾಲ್ಲೂಕಿನ ಧನಗೂರಿನವನಾದ ಷಡಕ್ಷರದೇವನು ಚಂಪೂಕವಿಗಳಲ್ಲಿ ಕಡೆಯ ದೊಡ್ಡ ಹೆಸರು. ಅವನ ರಾಜಶೇಖರವಿಲಾಸಕ್ಕೆ ಕೆಲವು ಸಾಹಿತ್ಯಚರಿತ್ರೆಗಳು 1655 ಎಂದೂ ಕೆಲವು 1657 ಎಂದೂ ಕಾಲ ಕೊಡುತ್ತವೆ. ಎರಡು ವರ್ಷದ ಈ ವ್ಯತ್ಯಾಸ ಓದುಗನ ರಸಾಸ್ವಾದಕ್ಕೆ ಅಡ್ಡಿಯಲ್ಲ. ಚರಿತ್ರಕಾರನಿಗೆ ಮಾತ್ರ ಮುಳ್ಳು. ಬಸವಣ್ಣನವರ ಚರಿತೆಯನ್ನು ಹೇಳುವ ಅವನ ವೃಷಭೇಂದ್ರವಿಜಯವು ಮಂಡ್ಯ ಸೀಮೆಯ ಮಠಗಳಲ್ಲಿ ಹಿಂದೆ ಎಷ್ಟು ಆದರದಿಂದ ವಾಚಿಸಲ್ಪಡುತ್ತಿತ್ತೆಂಬುದನ್ನು ಹಿರಿಯರು ಬಲ್ಲರು. ಮನೆಯಲ್ಲಿ ಆಳ್ವಾರರ ಪಾಶುರವನ್ನು ಕೇಳಿ ಬೆಳೆದ ಶ್ರೀವೈಷ್ಣವರೊಬ್ಬರು ಜೈನಕವಿಯನ್ನೂ ಶಿವಕವಿಯನ್ನೂ ದಾಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಪ್ರತಿಯೊಬ್ಬನಿಗೂ ಅವನ ವರ್ಷವನ್ನು ಅವನಿಗೆ ಸಲ್ಲಬೇಕಾದ ಆಸ್ತಿಯೆಂಬಂತೆ ಹಿಂದಿರುಗಿಸಿದರು.

ಕವಿಚರಿತೆಯಲ್ಲಿ ಕೊರತೆಯಿಲ್ಲವೆಂದಲ್ಲ. ಅದು ಓಲೆಯನ್ನೂ ಕಲ್ಲನ್ನೂ ನಂಬಿದ ಗ್ರಂಥ. ಓಲೆಗೆ ಏರದ ಕವಿ ಅದರೊಳಗೆ ಬರಲಿಲ್ಲ. ಮಳವಳ್ಳಿಯ ಕಡೆ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಾವ್ಯಕ್ಕೆ ಕರ್ತೃವಿಲ್ಲ, ಶಕವಿಲ್ಲ, ಬಿಡಿಸಬೇಕಾದ ಅಕ್ಷರವೂ ಇಲ್ಲ. ಅದನ್ನು ಅಳೆಯುವ ಕೋಲು ಆಚಾರ್ಯರ ಬಳಿ ಇರಲಿಲ್ಲ. ಕವಿಯ ಗುಣವಿಮರ್ಶೆಗಿಂತ ಕಾಲ, ಮತ, ಆಶ್ರಯದಾತ, ಗ್ರಂಥಗಳ ಪಟ್ಟಿ ಇವುಗಳಿಗೇ ಅಲ್ಲಿ ಹೆಚ್ಚು ಸ್ಥಳ. ಒಣಗಿದ ಗ್ರಂಥವೆಂದು ರಸಿಕರು ಮೂಗು ಮುರಿದದ್ದೂ ಉಂಟು. ಆದರೆ ಮುಂದೆ ಸಾಹಿತ್ಯಚರಿತ್ರೆಯನ್ನು ರಸವತ್ತಾಗಿ ಬರೆದವರೆಲ್ಲರೂ ಈ ಒಣಗಿದ ಸೌದೆಯಿಂದಲೇ ಒಲೆ ಹೊತ್ತಿಸಿಕೊಂಡವರು. ಆಚಾರ್ಯರೇನೂ ನೀರಸರಲ್ಲ, ನಗೆಗಡಲು ಎಂಬ ಹಾಸ್ಯಸಂಗ್ರಹವನ್ನೂ, ತಮಿಳಿನ ನೀತಿಸಾಹಿತ್ಯವನ್ನು ಕನ್ನಡಕ್ಕೆ ತಂದ ನೀತಿಮಂಜರಿಯನ್ನೂ ಬರೆದ ಕೈ ಅದೇ. ಶಾಸನಗಳ ಒಳ್ಳೆಯ ಪದ್ಯಗಳನ್ನು ಆಯ್ದು ಶಾಸನಪದ್ಯಮಂಜರಿಯನ್ನು ಕಟ್ಟಿಕೊಟ್ಟವರೂ ಅವರೇ.

ಅಧಿಕಾರದ ಹದಿನಾರು ವರ್ಷಗಳಲ್ಲಿ ಇಲಾಖೆಯ ವಾರ್ಷಿಕ ವರದಿಗಳು ವಿದ್ವಾಂಸರು ಎದುರುನೋಡುವ ಗ್ರಂಥಗಳಾದವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅವರು ಅಗೆತ ನಡೆಯಿಸಿದರು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಯ ದೇವಾಲಯಗಳ ಮೇಲೆ ಪ್ರತ್ಯೇಕ ಗ್ರಂಥಗಳನ್ನು ರಚಿಸಿದರು. ಆದರೆ ಶ್ರವಣಬೆಳಗೊಳದ ಸಂಪುಟವೇ ಅವರ ಶಾಸನಶ್ರಮದ ಶಿಖರ. 1889ರಲ್ಲಿ ರೈಸರು ಪ್ರಕಟಿಸಿದಾಗ ಅಲ್ಲಿ 144 ಶಾಸನಗಳಿದ್ದವು; 1923ರ ಆಚಾರ್ಯರ ಪರಿಷ್ಕರಣದಲ್ಲಿ ಅವು 500 ಆದವು. ಅದೇ ಬೆಟ್ಟ, ಅವೇ ಬಂಡೆಗಳು. ಬೆಟ್ಟವು ಬೆಳೆದಿರಲಿಲ್ಲ, ನೋಡಿದ ಕಣ್ಣು ಬೆಳೆದಿತ್ತು. ಮೈಸೂರು ಅರಸರು ಪ್ರಾಕ್ತನವಿಮರ್ಶವಿಚಕ್ಷಣ ಎಂಬ ಬಿರುದನ್ನಿತ್ತರು. ರಾವ್ ಬಹದ್ದೂರ್, ಮಹಾಮಹೋಪಾಧ್ಯಾಯ ಪದವಿಗಳು ಬಂದವು. 1918ರಲ್ಲಿ ಧಾರವಾಡದಲ್ಲಿ ನೆರೆದ ನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1922ರಲ್ಲಿ ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು.

ಅಕ್ಷರವನ್ನು ಅಂಕವನ್ನಾಗಿಸುವ ವಿದ್ಯೆ ಆಚಾರ್ಯರ ಕಾಲಕ್ಕೆ ಮುಗಿದ ಕಥೆಯೆಂದು ಭಾವಿಸಬೇಕಾಗಿಲ್ಲ. 1953ರಲ್ಲಿ ಅಚ್ಚಾದ ಸಿರಿಭೂವಲಯವು ಅರವತ್ತನಾಲ್ಕು ಅಕ್ಷರಗಳಿಗೆ ಒಂದರಿಂದ ಅರವತ್ತನಾಲ್ಕರವರೆಗಿನ ಅಂಕಿಗಳನ್ನಿಟ್ಟು, ಇಪ್ಪತ್ತೇಳು ಸಾಲು ಇಪ್ಪತ್ತೇಳು ಕಂಬಗಳ ಚೌಕಗಳಲ್ಲಿ ತುಂಬಿದ ಗ್ರಂಥ. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. ಆಚಾರ್ಯರ ಕೈಗೆ ಅದು ಬಂದಿದ್ದರೆ ಮೊದಲು ಕೇಳುತ್ತಿದ್ದುದು ಅದರ ಮೂಲಪ್ರತಿಯ ವಯಸ್ಸನ್ನೇ ಇದ್ದೀತು. ಇಂದು ಮಕ್ಕಳು ಒತ್ತುವ ಗಣಕಯಂತ್ರದೊಳಗೆ ಅಕ್ಷರವೆಂಬುದೇ ಇಲ್ಲ, ಇರುವುದೆಲ್ಲ ಅಂಕ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡದ ವಲಯ 3200ರಿಂದ ಮೊದಲಾಗುತ್ತದೆ. ಅಕಾರಕ್ಕೆ 3205, ಕಕಾರಕ್ಕೆ 3221. ಯಂತ್ರದ ಷೆಲ್ ಎಂಬ ಆದೇಶಭಾಗದಲ್ಲಿ ಪ್ರಿಂಟ್‌ಎಫ್ ಎಂಬ ಆಜ್ಞೆಗೆ, ಅಕ್ಷರದ ಹಿಂದೆ ಒಂದು ಉದ್ಧರಣಚಿಹ್ನೆಯನ್ನಿಟ್ಟು ಒಪ್ಪಿಸಿದರೆ ಅದು ಆ ಸಂಖ್ಯೆಯನ್ನು ಹೇಳುವುದು. ಚಕ್ರವಾಕದ ತೊಡಕು ಅಲ್ಲಿಯೂ ಬೇರೆ ವೇಷದಲ್ಲಿದೆ. ಕ್ಷ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ 3221, 3277, 3255 ಎಂಬ ಮೂರು ಅಂಕ, ನಡುವಿನದು ವಿರಾಮದ ಚಿಹ್ನೆ. ಒಂದಕ್ಷರದ ಬೆಲೆಯನ್ನು ಕೇಳಿ ಮೊದಲನೆಯದನ್ನು ಮಾತ್ರ ಪಡೆದವನು ಷಕಾರವನ್ನು ಕಳೆದುಕೊಳ್ಳುವನು. ಕಟಪಯಾದಿಗೂ ಇದಕ್ಕೂ ಇರುವ ದೊಡ್ಡ ಅಂತರವೆಂದರೆ, ಯಂತ್ರದ ಅಂಕವನ್ನು ಹಿಂದಕ್ಕೆ ತಿರುಗಿಸಿದರೆ ಅದೇ ಅಕ್ಷರ ದೊರೆಯುವುದು. ಕಟಪಯಾದಿಯಲ್ಲಿ ಒಂದು ಎಂದರೆ ಕಕಾರವೋ ಟಕಾರವೋ ಪಕಾರವೋ ಯಕಾರವೋ ತಿಳಿಯದು. ಆ ಸಡಿಲಿನಿಂದಲೇ ಕವಿಯು ಅಂಕಕ್ಕೆ ಅರ್ಥವುಳ್ಳ ಮಾತನ್ನು ತೊಡಿಸಬಲ್ಲವನಾದನು.

ನಿವೃತ್ತಿಯ ಅನಂತರವೂ ಆಚಾರ್ಯರ ಲೇಖನಿ ನಿಲ್ಲಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಅವರು ಇಂಗ್ಲಿಷಿನಲ್ಲಿ ಮಾಡಿದ ಉಪನ್ಯಾಸಗಳು ಕನ್ನಡ ಭಾಷೆಯ ಚರಿತ್ರೆಯಾಗಿ 1934ರಲ್ಲಿ ಪ್ರಕಟವಾದವು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತ ಇಂಗ್ಲಿಷ್ ಗ್ರಂಥವು ಅಚ್ಚಾಗಿ ಬಂದುದು 1940ರಲ್ಲಿ; ಅದನ್ನು ನೋಡಲು ಅವರು ಉಳಿಯಲಿಲ್ಲ. 1936ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅದೇ 1936ರಲ್ಲಿ ಪುರಾತತ್ತ್ವ ಇಲಾಖೆಯ ಆಗಿನ ನಿರ್ದೇಶಕರಾದ ಡಾ. ಎಂ. ಎಚ್. ಕೃಷ್ಣರು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಹದಿನಾರು ಸಾಲುಗಳ ಒಂದು ಕಲ್ಲನ್ನು ಗುರುತಿಸಿದರು. ಕನ್ನಡದ ಪ್ರಾಚೀನ ಶಾಸನವೆಂದು ಶಾಲೆಯ ಮಕ್ಕಳೆಲ್ಲರೂ ಬಲ್ಲ ಆ ಕಲ್ಲಿನಲ್ಲಿ ಶಕವರ್ಷವಿಲ್ಲ, ಸಂವತ್ಸರವಿಲ್ಲ, ಅಂಕವಾಗಿ ಬಿಡಿಸಬಹುದಾದ ಮಾತೂ ಇಲ್ಲ. ಲಿಪಿಯ ಆಕಾರವನ್ನೂ ಅರಸನ ಹೆಸರನ್ನೂ ಹಿಡಿದು ಅದಕ್ಕೆ ಸುಮಾರು 450 ಎಂದು ಬರೆದಿದ್ದಾರೆ.